ಫೋಟೋ ನೋಡಲು ಬರುತ್ತಿದ್ದವಳು

"ಇವತ್ತೂ ಬಂದಿದ್ಳು ಕಣೇ!" ದೀಪದಂಗಡಿ ಸಾಹುಕಾರ ಅರ್ಧ ಊಟ ಬಿಟ್ಟು ಫೋನು ಎತ್ತಿ ಹಿಡಿದ. "ನನ್ನ ಫೋಟೋ ದೊಡ್ಡದು ಮಾಡ್ಕೊಂಡು ನೋಡಿದ್ದಾಳೆ."

ಹೆಂಡತಿ ತಲೆ ಎತ್ತಲಿಲ್ಲ. "ಅವಳು ಅಂತ ಯಾರು ಹೇಳಿದ್ರು ನಿಮಗೆ?"

ಯಾರೂ ಹೇಳಿರಲಿಲ್ಲ. ಅಂಗಡಿಗೆ ವೆಬ್‌ಸೈಟು ಮಾಡಿಕೊಟ್ಟವರು ಜೊತೆಗೊಂದು ಎಐ ಏಜೆಂಟನ್ನೂ ಕೊಟ್ಟಿದ್ದರು. ಸೈಟಿಗೆ ಯಾರು ಬಂದರು, ಯಾವ ಪುಟ ತೆರೆದರು, ಏನು ಟೈಪ್ ಮಾಡಿದರು, ಎಲ್ಲಿ ಎಷ್ಟು ಹೊತ್ತು ನಿಂತರು ಎಂದು ಕೇಳಿದರೆ ಹೆಕ್ಕಿ ತಂದು ಹೇಳುವ ಸಾಧನ. ಯಾವ ದೀಪಕ್ಕೆ ಗಿರಾಕಿಯಿದೆ ಎಂದು ತಿಳಿಯಲಿ ಅಂತ ಕೊಟ್ಟದ್ದು. ಈ ಮಹಾನುಭಾವ ಅದನ್ನು ಬೇರೆ ಕೆಲಸಕ್ಕೇ ಹಚ್ಚಿದ್ದ. ದಿನಾ ಒಬ್ಬರು ಬರುತ್ತಿದ್ದರಂತೆ. ದೀಪದ ಕಡೆ ಕಣ್ಣೂ ಹಾಯಿಸದೆ ನೇರ ಮಾಲೀಕರ ಪರಿಚಯದ ಪುಟಕ್ಕೆ ಹೋಗಿ, ಅಲ್ಲಿನ ಫೋಟೋ ಹಿಗ್ಗಿಸಿ, ಬಹಳ ಹೊತ್ತು ನೋಡಿ, ಹೊರಟುಹೋಗುತ್ತಿದ್ದರಂತೆ. ಹೆಣ್ಣೋ ಗಂಡೋ ತನಗೆ ಗೊತ್ತಾಗುವುದಿಲ್ಲ ಎಂದು ಏಜೆಂಟು ಮೊದಲ ದಿನವೇ ಹೇಳಿತ್ತು. ಯಂತ್ರಕ್ಕೇನು ಗೊತ್ತು ಮಣ್ಣು ಎಂದುಕೊಂಡ ಸಾಹುಕಾರ ಬಂದವರನ್ನು ಹೆಣ್ಣು ಮಾಡಿದ. ಮಾರನೆಯ ದಿನ ಸುಂದರಿಯನ್ನಾಗಿಯೂ ಮಾಡಿದ.

"ಹುಡುಕಾಟದಿಂದ ಬಂದವರಲ್ಲ," ಎಂದು ಏಜೆಂಟು ಬರೆದಿತ್ತು. "ಸೈಟಿನ ವಿಳಾಸವನ್ನು ತಾವೇ ಟೈಪ್ ಮಾಡಿ ಬಂದಿದ್ದಾರೆ."

"ನೋಡಿದ್ಯಾ? ಬಾಯಿಪಾಠ ಮಾಡ್ಕೊಂಡುಬಿಟ್ಟಿದ್ದಾಳೆ!"

ಬ್ಯಾಟರಿ ಹೋಗಿದೆ ಎಂದು ಕಾರಿಗೆ ಹೊದಿಕೆ ಹೊದಿಸಿ, ಈಚೆಗೆ ಅವನು ಬಸ್ಸಿನಲ್ಲೇ ಓಡಾಡುತ್ತಿದ್ದ. ಹತ್ತುವ ಇಳಿಯುವ ಒಬ್ಬೊಬ್ಬಳನ್ನೂ ಇವಳೇ ಇರಬಹುದೇ ಎಂದು ಕತ್ತು ಹೊರಳಿಸಿ ನೋಡುತ್ತಿದ್ದ. ಅವರು ಮುಖ ತಿರುಗಿಸಿದರೆ, ಪಾಪ, ನಾಚಿಕೆ ಎಂದುಕೊಳ್ಳುತ್ತಿದ್ದ.

ಸೈಟಿನಲ್ಲಿದ್ದ ಫೋಟೋ ಮದುವೆಗೆ ಮುಂಚಿನದು. ತಲೆ ತುಂಬ ಕೂದಲು. ಈಗ ತಲೆಯ ಆ ಬೋಳು ಜಾಗದಲ್ಲಿ ಅಂಗಡಿಯ ದೀಪಗಳೆಲ್ಲ ಮಿನುಗುತ್ತಿದ್ದವು.

"ಆಕೆ ಅಂಗಡಿಗೇ ಬಂದ್ರೆ ನಿಮ್ಮನ್ನೇ ಕೇಳ್ತಾಳೆ," ಎಂದಳು ಹೆಂಡತಿ. "ಯಜಮಾನ್ರೇ, ನಿಮ್ಮ ಮಗ ಇಲ್ವಾ ಅಂತ."

ಸಾಹುಕಾರನಿಗೆ ಉರಿದುಹೋಯಿತು. ಆದರೆ ಮರುದಿನದ ವರದಿ ಓದಿದವನೇ ಹಿಗ್ಗಿ ಹೀರೇಕಾಯಿಯಾದ. ಬಂದವರು ಸಂದೇಶ ಬರೆಯುವ ಜಾಗದಲ್ಲಿ 'ನಿಮ್ಮನ್ನ ಒಂದ್ಸಲ ಎದುರಿಗೆ ನೋಡಬೇಕು' ಎಂದು ಬರೆದು, ಕಳಿಸದೆ ಅಳಿಸಿಬಿಟ್ಟಿದ್ದರು. ಅದನ್ನು ಹೆಂಡತಿಗೆ ಓದಿ ಹೇಳಿದ. ಒಂದು ಸಲ ಅಲ್ಲ, ರಾಗವಾಗಿ ಎರಡು ಸಲ.

"ನಾಚಿಕೆ ಆಗಲ್ವೇನ್ರೀ ನಿಮಗೆ?" ಅವಳು ತಟ್ಟೆ ಕುಕ್ಕಿದಳು. "ಆಕೆ ಬರೋ ದಿನ ಹೇಳಿಬಿಡಿ. ಅವತ್ತೇ ನಮ್ಮಕ್ಕನ ಮನೆಗೆ ಹೋಗ್ತೀನಿ. ಮತ್ತೆ ಈ ಹೊಸ್ತಿಲು ತುಳಿಯಲ್ಲ."

"ಹೋಗು. ತಡೆಯೋರ್ಯಾರು?" ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಅವನು ಕೊಟ್ಟ ಉತ್ತರ ಇದು. ಕಣ್ಣಾರೆ ಕಂಡೇ ಇರದ ಒಬ್ಬಳಿಗಾಗಿ.

ಹೆಂಡತಿ 'ನಿಮ್ಮ ಮಗ ಇಲ್ವಾ' ಎಂದು ಹಂಗಿಸಿದ್ದು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಆಕೆ ಬಂದು ಮೋಸವೆಂದುಕೊಂಡರೆ? ಸಾಹುಕಾರ ಬಣ್ಣ ಬಣ್ಣದ ದೀಪಗಳ ನಡುವೆ ನಿಂತು ಈಗಿನ ಮುಖದ ಫೋಟೋ ತೆಗೆಸಿ ಸೈಟಿಗೆ ಹಾಕಿಸಿದ. ಬೋಳುತಲೆಗೂ ಒಂದು ಗಾಂಭೀರ್ಯವಿದೆ ಎಂದು ತನಗೆ ತಾನೇ ಹೇಳಿಕೊಂಡ. ಆ ಸಂಜೆ ಅಂಗಡಿ ಮುಚ್ಚುವ ಮೊದಲೇ ಏಜೆಂಟನ್ನು ಕೇಳಿದ.

"ಎಂದಿಗಿಂತ ಹೆಚ್ಚು ಹೊತ್ತು ಇದ್ದರು," ಎಂದಿತು ಏಜೆಂಟು. "ಹೊಸ ಫೋಟೋವನ್ನು ಹಣೆಯ ಹತ್ತಿರ ಹಿಗ್ಗಿಸಿದರು. ತಮ್ಮ ಮೊಬೈಲಿಗೆ ಇಳಿಸಿಕೊಂಡರು. ಆಮೇಲೆ ಅಂಗಡಿ ತೆರೆಯುವ ಸಮಯ ಮತ್ತು ದಾರಿ ನೋಡಿದರು."

ಬೋಳುತಲೆಗೇ ಮನಸೋತಳಲ್ಲ! ಸಾಹುಕಾರನ ಕಾಲು ನೆಲದ ಮೇಲಿರಲಿಲ್ಲ. ನಾಳೆ ಬರ್ತಾಳೆ ಎಂದು ಹೆಂಡತಿಗೆ ಹೇಳಿಯೂಬಿಟ್ಟ. ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಹೊರಟಳು. ಅವನು ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ತಿರುಗಿಯೂ ನೋಡಲಿಲ್ಲ.

ಅಂಗಡಿಯಲ್ಲಿ ಕೆಲಸದವರನ್ನೆಲ್ಲ ಗೋದಾಮಿಗೆ ಅಟ್ಟಿದ. ಕಂಕುಳಿಗೆ ಸೆಂಟು ಬಳಿದ. ಇದ್ದಬದ್ದ ದೀಪಗಳನ್ನೆಲ್ಲ ಹಚ್ಚಿ ಕಾದ.

ಅವಳು ಬಂದಳು. ಹೆಣ್ಣೇ! ನಡುವಯಸ್ಸು, ಗುಂಡು ಮುಖ, ಕೈಯಲ್ಲಿ ಮೊಬೈಲು. ಬಾಗಿಲಲ್ಲೇ ನಿಂತು ಮೊಬೈಲು ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಮೊಬೈಲು ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

"ಬನ್ನಿ, ಬನ್ನಿ," ಎಂದು ಸಾಹುಕಾರ ಹಲ್ಲು ಕಿರಿದ. "ನಿಮಗೋಸ್ಕರಾನೇ ಕಾಯ್ತಿದ್ದೆ."

ಅವಳು ಹೊರಗೆ ನಿಂತಿದ್ದ ಪೊಲೀಸಿನವನ ಕಡೆ ತಿರುಗಿದಳು: "ಬರೀ ಕಾರಿನ ನಂಬರು ಸಾಲದು, ಓಡಿಸ್ತಿದ್ದವನ ಮುಖ ಗುರುತು ಹಿಡೀರಿ ಅಂದಿದ್ರಲ್ಲ ಸಾರ್, ಇವನೇ. ನಮ್ಮಪ್ಪನಿಗೆ ಗುದ್ದಿ, ಇಳಿದು ಬಗ್ಗಿ ನೋಡಿ, ಮತ್ತೆ ಹತ್ತಿ ಓಡಿಹೋದವನು."