ಗಜನಿ ಗದ್ದೆಯ ಮಣ್ಣು ಪರೀಕ್ಷೆ

ಕುಮಟಾ ಕಡೆಯ ಒಬ್ಬ ಉದ್ಯಮಿ... ಹೆಂಡತಿ ತೀರಿಕೊಂಡ ಮೇಲೆ ಅವಳ ಹೆಸರಲ್ಲಿ ಒಂದು ಆಸ್ಪತ್ರೆ ಕಟ್ಟಿಸಲು ಹೊರಟರು.

ಜಾಗ ಹೊಳೆಯಂಚಿನ ಹಳೇ ಗಜನಿ ಗದ್ದೆ. ಉಪ್ಪುನೀರು ನುಗ್ಗುತ್ತಿದ್ದ ಆ ಕೆಸರಿನ ಮೇಲೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿಸಿ ಗಟ್ಟಿ ಮಾಡಿಸಿದ್ದರು.

ಅವಳ ಮೊದಲ ವರ್ಷದ ತಿಥಿಯ ದಿನವೇ ಅಡಿಪಾಯದ ಮೊದಲ ಕಂಬ, ಅಂದರೆ ಪೈಲ್, ನೆಲಕ್ಕೆ ಇಳಿಯಬೇಕು ಅನ್ನೋದು ಅವರ ಹಟ. ಯಾರು ಹೇಳಿದರೂ ಕೇಳುವ ಆಸಾಮಿಯಲ್ಲ!

ಮಣ್ಣು ಪರೀಕ್ಷೆಗೆ ಬಂದ ಇಂಜಿನಿಯರ್ ಫಿಲೋಮಿನಾ ಮೇಡಂಗೆ ಮಾತ್ರ ಅವಸರ ಅಂದರೇನೇ ಆಗದು...

ಆಳಕ್ಕೆ ಬೋರ್ ಕೊರೆದು ಅದರೊಳಗೆ ರಬ್ಬರ್ ಕೊಳವೆ ಇಳಿಸುವರು. ಸ್ವಲ್ಪ ಒತ್ತಡ ಕೊಟ್ಟು ಅದನ್ನು ಉಬ್ಬಿಸುವರು. ಸುತ್ತಲಿನ ಮಣ್ಣು ಎಷ್ಟು ಹಿಂದೆ ಸರಿಯಿತು ಅಂತ ಮೀಟರ್ ನೋಡುತ್ತಾ ಕಾಯುವರು. ಮತ್ತೆ ಸ್ವಲ್ಪ ಒತ್ತಡ... ಮತ್ತೆ ಕಾಯುವರು.

ಪೈಲ್ ಮೇಲೆ ಕಟ್ಟಡದ ಭಾರ ಬಿದ್ದಾಗ ಅದು ಎಷ್ಟು ಕುಸಿಯುತ್ತದೆ ಅಂತ ಅಂದಾಜು ಸಿಗುವುದು ಹೀಗೆ.

ಉದ್ಯಮಿಗೆ ರೇಗಿಹೋಯಿತು. ನೆಲಕ್ಕೆ ಕಾಲು ಅಪ್ಪಳಿಸಿದರು.

"ನೋಡಿ, ಕಲ್ಲಿನ ಹಾಗಿದೆ! ತಿಥಿ ಹತ್ರ ಬಂತು. ಪಕ್ಕದ ಸೈಟಿನ ರಿಪೋರ್ಟನ್ನೇ ಹಾಕಿ ಮುಗಿಸಿ."

"ಸರ್, ನೀವು ನಿಂತಿರೋದು ಸುರಿದ ಮಣ್ಣಿನ ಮೇಲೆ. ಕೆಳಗೆ ಇನ್ನೂ ಆ ಕೆಸರೇ ಇದೆ. ಅವಸರದಲ್ಲಿ ಒತ್ತಿ ನೋಡಿದ್ರೆ ಅದೂ ಗಟ್ಟಿ ಅಂತಾನೇ ತೋರಿಸುತ್ತೆ. ಕಾದ್ರೆ ಮಾತ್ರ ನಿಜ ಗೊತ್ತಾಗೋದು..."

ಜೊತೆಗೆ ಬಂದಿದ್ದ ಮಗಳು ಪ್ರಜ್ಞಾ ಮುಂದೆ ಬಂದಳು.

"ಆಯಿನೂ ಹಾಗೇ ಇದ್ಲು, ಅಪ್ಪ."

ತೀರಿಕೊಂಡ ತಾಯಿಯ ಮಾತು ಮಗಳ ಬಾಯಲ್ಲಿ ಬಂದದ್ದೇ ಉದ್ಯಮಿ ತಿರುಗಿ ನೋಡಿದರು.

"ಕಾರ್ ಕೀ ಹಿಡ್ಕೊಂಡು ಬಾಗಿಲಲ್ಲೇ ನಿಂತು 'ಹೇಗಿದ್ದೀಯಾ' ಅಂತಿದ್ರಿ. 'ಚೆನ್ನಾಗಿದ್ದೀನಿ' ಅಂತಿದ್ಲು. ನೀವು ಹೊರಟುಬಿಡ್ತಿದ್ರಿ. ಆಮೇಲೆ ಅವಳು ಹೊಟ್ಟೆ ಹಿಡ್ಕೊಂಡು ಮಲಗ್ತಿದ್ಲು..."

"ನನಗೆ ಹೇಳಬಹುದಿತ್ತಲ್ಲ ಅವಳು?"

"ನೀವು ನಿಂತಿದ್ರೆ ಹೇಳ್ತಿದ್ಲು."

ಅಷ್ಟು ದೊಡ್ಡ ಮನುಷ್ಯ, ಕೆಲಸದವರೆಲ್ಲರ ಎದುರು, ಅಲ್ಲೇ ಸಿಮೆಂಟ್ ಬ್ಲಾಕಿನ ಮೇಲೆ ಕುಸಿದು ಅತ್ತುಬಿಟ್ಟರು. ಪಾಪ, ಯಾರಿಗೂ ಸಮಾಧಾನ ಹೇಳುವ ಧೈರ್ಯ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡರು.

"ಮೇಡಂ, ತಿಥಿ ದಾಟಿದರೂ ಚಿಂತೆಯಿಲ್ಲ. ನಿಮಗೆ ಬೇಕಾದಷ್ಟು ಸಮಯ ತಗೊಳ್ಳಿ."

ಆಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು... "ನೀನು ಹೇಗಿದ್ದೀಯಾ ಪುಟ್ಟಾ?"

"ಚೆನ್ನಾಗಿದ್ದೀನಿ ಅಪ್ಪ."

ಈ ಸಲ ಅವರು ಏಳಲಿಲ್ಲ. ಜೇಬಿನಲ್ಲಿ ಫೋನ್ ರಿಂಗಾಗುತ್ತಲೇ ಇತ್ತು, ತೆಗೆಯಲಿಲ್ಲ. ಮಗಳ ಕೈ ಹಿಡಿದು ಸುಮ್ಮನೆ ಕೂತರು...

ಸ್ವಲ್ಪ ಹೊತ್ತಿಗೆ ಅವಳು ಅಪ್ಪನ ಹೆಗಲಿಗೆ ಒರಗಿದಳು.

"ಆಯಿ ಇಲ್ಲದ ಮನೆಗೆ ಹೋಗೋಕೆ ಭಯ ಆಗುತ್ತೆ ಅಪ್ಪ..."

♦

ಗಟ್ಟಿಯಾಗಿ ಕಾಣುವವರನ್ನು ಒಮ್ಮೆ ಕೇಳಿದರೆ ಸಾಲದು, ಉತ್ತರ ಬರುವವರೆಗೆ ಪಕ್ಕದಲ್ಲಿ ಕೂರಬೇಕು.

ನಿಮ್ಮ ಮನೆಯಲ್ಲಿ ಇವತ್ತು "ಚೆನ್ನಾಗಿದ್ದೀನಿ" ಅಂದವರ ಹತ್ತಿರ ನೀವು ಎಷ್ಟು ಹೊತ್ತು ಕೂತಿರಿ?