ದಸ್ತಗೀರ್ ಮೇಸ್ತ್ರಿಯ ಅಂಗೈ

ದಸ್ತಗೀರ್ ಮೇಸ್ತ್ರಿ ಕಣ್ಣು ಮುಚ್ಚಿ ಎಂಜಿನ್ ಮೇಲೆ ಅಂಗೈ ಇಟ್ಟರೆ ಸಾಕು, ಕಾರು ತನ್ನ ಏಳು ಜನ್ಮದ ಕಾಯಿಲೆಗಳನ್ನೂ ಒಪ್ಪಿಕೊಳ್ಳುತ್ತಿತ್ತು. ಲಾರಿಗಳ ಸದ್ದಿಗೆ ಕಿವಿ ಎಂದೋ ಕಿವುಡಾಗಿತ್ತು, ಆದರೆ ಆ ಕೈಗೆ ಮೂರು ತಾಲ್ಲೂಕಿನ ಗ್ಯಾರೇಜುಗಳು ಅಡ್ಡಬೀಳುತ್ತಿದ್ದವು. ಈಗ ಉಳಿದಿದ್ದ ಗಿರಾಕಿ ನಾಗವೇಣಿ ಟೀಚರ್ ಒಬ್ಬರೇ. ಅವರ ಹಳೇ ಕಾರೂ ಹೋದರೆ ಗ್ಯಾರೇಜಿಗೆ ಬೀಗವೇ.

"ನಿಂತಲ್ಲೇ ಗಡಗಡ ನಡುಗತ್ತೆ ಮೇಸ್ತ್ರಿ. ಇವತ್ತು ಸರಿಹೋಗ್ದಿದ್ರೆ ಗುಜರಿಗೇ!" ಟೀಚರ್ ಕಿವಿಯ ಹತ್ತಿರ ಬಂದು ಕೂಗಿದರು.

"ನಾನು ಬದುಕಿರೋವಾಗ ಗುಜರಿನಾ? ಹತ್ತಿ, ಸ್ಟಾರ್ಟ್ ಮಾಡಿ!"

ಪ್ಲಗ್ಗುಗಳು ಬದಲಾದವು. ಕಾರ್ಬುರೇಟರ್ ಗಂಗಾಸ್ನಾನ ಮಾಡಿಕೊಂಡು ಬಂತು. ಮೇಸ್ತ್ರಿ ಅಂಗೈ ಇಟ್ಟರು, ನಡುಕ ಹಾಗೇ ಇತ್ತು. ಟೈಮಿಂಗ್ ತಿರುಗಿಸಿದರು. ಮತ್ತೆ ಕಣ್ಣು ಮುಚ್ಚಿ ಕೈ ಇಟ್ಟರೆ ಅದೇ ನಡುಕ. ಕಿಟಕಿಯಿಂದ ಟೀಚರ್ ಏನೋ ಕೂಗಿದ್ದು ಕೇಳಿಸಲಿಲ್ಲ. ಕೊನೆಗೆ ಅವರೇ ಇಳಿದು ಬಂದು ಭುಜ ಮುಟ್ಟಿದರು.

"ತಡೀರಿ ಟೀಚರ್! ಇನ್ನೂ ನಡುಗ್ತಿದೆ, ಇನ್ನೇನು ರೋಗ ಸಿಕ್ಕೇಬಿಡತ್ತೆ!"

ಟೀಚರ್ ಕಿವಿಗೆ ಬಾಯಿಟ್ಟು ಬಿಡಿಸಿ ಬಿಡಿಸಿ ಹೇಳಿದರು: "ಕಾರು ಆಗಲೇ ಸರಿಹೋಯ್ತು ಮೇಸ್ತ್ರಿ. ನಾನು ಆಫ್ ಮಾಡಿ ಬಹಳ ಹೊತ್ತಾಯ್ತು."