ಕಿವಿಯಲ್ಲಿ ಅವ್ವ

ಅವ್ವನ ಬಾಯಿಂದ ಒಂದು ತಿಂಗಳಾದರೂ ತಪ್ಪಿಸಿಕೊಳ್ಳೋಣವೆಂದೇ ಬೆನ್ನಿಗೊಂದು ಚೀಲ ಏರಿಸಿಕೊಂಡು ಹುಬ್ಬಳ್ಳಿಯಿಂದ ಕಿರ್ಗಿಸ್ತಾನಕ್ಕೆ ಒಬ್ಬಳೇ ಬಂದೆ. ಇಲ್ಲಿನ ಭಾಷೆಯ ಒಂದಕ್ಷರವೂ ನನಗೆ ಬಾರದು. ಬರಬೇಕಾಗಿಯೂ ಇಲ್ಲ, ಎಲ್ಲರಂತೆ ನನ್ನ ಕಿವಿಯಲ್ಲೂ ಅನುವಾದದ ಯಂತ್ರವಿದೆ. ಆದರೆ ಈ ಮಹಾಯಂತ್ರ ನಾವು ಜನ್ಮದಲ್ಲಿ ಅತಿ ಹೆಚ್ಚು ಕೇಳಿದ ದನಿಯಲ್ಲೇ, ಅದೇ ಧಾಟಿಯಲ್ಲೇ ಮಾತಾಡುತ್ತದೆ. ಮನಸ್ಸಿಗೆ ಹಿತವಾಗಿರಲಿ ಅಂತ ಹಾಗೆ ಮಾಡಿದ್ದಾರಂತೆ. ಮಾಡಿದವರಿಗೆ ತಾಯಂದಿರು ಇದ್ದ ಹಾಗಿಲ್ಲ.

ವಿಮಾನ ನಿಲ್ದಾಣದಲ್ಲಿ ಆರಡಿ ಎತ್ತರದ ಅಧಿಕಾರಿ, ಬಂದ ಕಾರಣ ಕೇಳಿದ. ಕಿವಿಯಲ್ಲಿ ಅವ್ವ, "ಇಲ್ಲೇನ್ ಕಡದು ಕಟ್ಟಿ ಹಾಕಾಕ ಬಂದೀಯವಾ?" ಎಂದಳು. ಊಟದಂಗಡಿಯವನು ನಗುತ್ತಾ ಬಟ್ಟಲು ತಂದಿಟ್ಟ. "ಪೂರಾ ಉಣ್ಣು, ಎಲುಬು ಎಣಸೂಹಂಗ ಆಗೀದಿ."

ಇವತ್ತು ಬೆಟ್ಟದ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಪೊದೆಮೀಸೆಯ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಏನೋ ಕೇಳಿದ.

"ಒಬ್ಬಾಕಿನ ಬಂದೀಯೇನು?" ಎಂದಳು ಅವ್ವ.

"ಹೂಂ" ಎಂದು, ಮುಂದಿನ ಬೈಗುಳಕ್ಕೆ ಹಲ್ಲು ಕಚ್ಚಿ ಕೂತೆ.

ಡ್ರೈವರ್ ತಲೆದೂಗಿದ.

"ಭಾಳ ಚಲೋ ಮಾಡಿದಿ ಬಿಡವಾ. ಗಟ್ಟಿಗಿತ್ತಿ ಅದೀ."

ಮೂವತ್ತಾರು ವರ್ಷದಲ್ಲಿ ಈ ದನಿ ಇಂಥ ಮಾತಾಡಿದ್ದು ಇದೇ ಮೊದಲು.

"ಕೇಳಿಸಲಿಲ್ಲ, ಇನ್ನೊಮ್ಮೆ ಹೇಳ್ರಿ" ಎಂದೆ.

ನನ್ನ ಯಂತ್ರ ಕೆಟ್ಟಿದೆ ಎಂದುಕೊಂಡ ಆ ಪುಣ್ಯಾತ್ಮ ಬಸ್ಸಿಗೆಲ್ಲ ಕೇಳುವಂತೆ ಕೂಗಿ ಹೇಳಿದ. ಇಳಿಯಬೇಕಾದ ಊರು ಬರುವಷ್ಟರಲ್ಲಿ ನಾನು ನಾಲ್ಕು ಸಲ ಕಿವುಡಿಯಾಗಿದ್ದೆ.